ಮೂವತ್ತಾರನೇ ಮೆಟ್ಟಿಲು

ಬುಧವಾರ ಬೆಳಿಗ್ಗೆ ಎದ್ದಾಗಿನಿಂದಲೂ ಅವಳಿಗೆ ತನ್ನ ಬಲಮಂಡಿಯ ಸದ್ದು ಬೇರೆಯವರಿಗೂ ಕೇಳಿಸುತ್ತಿದೆಯೇನೋ ಎಂಬ ಅನುಮಾನ. ಮಂಚದಿಂದ ಇಳಿದಾಗ ಒಂದು ಸಲ, ಬಚ್ಚಲಿನ ಹೊಸ್ತಿಲು ದಾಟಿದಾಗ ಒಂದು ಸಲ, ಒಣಕಡ್ಡಿ ಮುರಿದ ಹಾಗೆ ಕಟ್ ಅಂದಿತ್ತು. ಗಂಡ ಪೇಪರಿನಿಂದ ತಲೆ ಎತ್ತದೆ "ಯಾರೋ ಬಾಗಿಲು ತಟ್ಟಿದ್ರು ನೋಡು" ಅಂದ. ಮದುವೆಯಾಗಿ ಇಪ್ಪತ್ತೇಳು ವರ್ಷವಾದ ಮೇಲೆ ಗಂಡನ ತಮಾಷೆಗೆ ನಗುವುದೂ ಮನೆಗೆಲಸಗಳಲ್ಲಿ ಒಂದು, ನಕ್ಕಳು. ಆದರೆ ಬಸ್ಸಿನಲ್ಲಿ ಕೂತ ಮೇಲೂ ಆ ಮಾತು ಬಿಡಲಿಲ್ಲ. ನಿಜವಾಗಿಯೂ ಅಷ್ಟು ಜೋರಾಗಿದೆಯೇ? ಹಾಗಿದ್ದರೆ ಇಂದು ಮೀಟಿಂಗಿನಲ್ಲಿ ಕೂತು ಏಳುವಾಗ ಡಾಕ್ಟರಿಗೂ ಕೇಳಿಸುತ್ತದೆ, ಕೇಳಿಸಿದರೆ "ಸಿಸ್ಟರ್, ಮನೆಮನೆ ಸುತ್ತೋದು ಇನ್ನು ಸಾಕು" ಅನ್ನುತ್ತಾರೆ, ಆಮೇಲೆ ಉಳಿಯುವುದು ಔಷಧದ ಕಪಾಟು. ಹೋದ ವರ್ಷ ಸೊಂಟ ಹಿಡಿದುಕೊಂಡ ಇನ್ನೊಬ್ಬ ನರ್ಸನ್ನು ಹಾಗೇ ಕಪಾಟಿನ ಮುಂದೆ ಕೂರಿಸಿದ್ದರು. ಈಗ ಆಕೆ ಕಿಟಕಿಯಿಲ್ಲದ ಕೋಣೆಯಲ್ಲಿ ಮಾತ್ರೆಯ ಪಟ್ಟಿ ಜೋಡಿಸುತ್ತ, ಬಂದವರನ್ನೆಲ್ಲ ಹೊರಗೆ ಬಿಸಿಲಿದೆಯಾ ಎಂದು ಕೇಳುತ್ತಾಳೆ.

ಕೇಂದ್ರವಿದ್ದದ್ದು ಹಳೆಯ ಅಂಚೆ ಕಚೇರಿಯ ಕಟ್ಟಡದಲ್ಲಿ. ಮನಸ್ಸಿನ ಕಾಯಿಲೆಗೆ ಆಸ್ಪತ್ರೆ ಸೇರಿ ಮನೆಗೆ ಮರಳಿದವರು ಮತ್ತೆ ಆಸ್ಪತ್ರೆ ಸೇರದ ಹಾಗೆ ನೋಡಿಕೊಳ್ಳುವುದು ಅಲ್ಲಿಯವರ ಕೆಲಸ. ಅದಕ್ಕೆ ನಾಲ್ಕು ಜನ. ಔಷಧ ಬರೆಯುವ ಡಾಕ್ಟರು, ಮನೆಮಾಲೀಕರ, ನೆರೆಹೊರೆಯವರ ತಕರಾರು ಬಿಡಿಸುವ ಸಮಾಜಕಾರ್ಯಕರ್ತ, ವರ್ಷಗಟ್ಟಲೆ ಸುಮ್ಮನೆ ಕೂತ ಕೈಗಳಿಗೆ ಮತ್ತೆ ಕೆಲಸ ಕಲಿಸುವ ಹುಡುಗಿ — ಅವಳ ಹುದ್ದೆಯ ಹೆಸರು ಗೇಣುದ್ದ, ಎಲ್ಲರೂ ಕರೆಯುವುದು ಕೈಕೆಲಸದ ಹುಡುಗಿ ಅಂತ — ಮತ್ತು ವಾರಕ್ಕೊಮ್ಮೆ ಮನೆಗೇ ಹೋಗಿ, ನಿದ್ದೆ ಬಂತಾ, ಮಾತ್ರೆ ತಗೊಂಡ್ರಾ ಎಂದು ಕಣ್ಣಾರೆ ನೋಡಿ ಬರುವ ಇವಳು. ಬುಧವಾರ ನಾಲ್ವರೂ ಒಂದೇ ಮೇಜಿನ ಸುತ್ತ ಕೂರುತ್ತಾರೆ. ತಿಂಗಳಿಗೊಮ್ಮೆ ಒಬ್ಬೊಬ್ಬರ ಕಡತ ಮೇಜಿನ ಮೇಲೆ ಬರುತ್ತದೆ. ಅದು ಕೈಯಿಂದ ಕೈಗೆ ಸುತ್ತಬೇಕು, ಅವರವರು ಬರೆದದ್ದನ್ನು ಅವರವರ ಬಾಯಿಂದಲೇ ಓದಬೇಕು. ಇದು ಡಾಕ್ಟರು ತಂದ ನಿಯಮ. ಕಾಗದ ಎಷ್ಟು ಸುಳ್ಳನ್ನಾದರೂ ತಡೆದುಕೊಳ್ಳುತ್ತೆ, ನಾಲಿಗೆ ತಡೆಯಲ್ಲ ಅನ್ನುತ್ತಿದ್ದರು. ಹೇಳಿ, ತಾವು ತಂದ ಕಿತ್ತಳೆಯ ಸಿಪ್ಪೆ ಸುಲಿದು ಎಲ್ಲರ ಮುಂದೆ ಎರಡೆರಡು ತೊಳೆ ಇಡುತ್ತಿದ್ದರು.

ಇಂದು ಅಳತೆಯವರ ಕಡತ. ಅಳತೆಯವರು ಎಂದರೆ ಒಂದು ಕಾಲದಲ್ಲಿ ಸರ್ವೆ ಇಲಾಖೆಯಲ್ಲಿ ಜಮೀನು, ರಸ್ತೆ ಅಳೆಯುತ್ತಿದ್ದ ಮನುಷ್ಯ, ಐವತ್ತೆಂಟು ವರ್ಷ, ಒಂಟಿ, ಲಿಫ್ಟಿಲ್ಲದ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ವಾಸ. ಆರು ವರ್ಷದ ಹಿಂದೆ ಅವರಿಗೆ ತಮ್ಮ ಕಟ್ಟಡದ ಮೆಟ್ಟಿಲು ದಿನಕ್ಕೊಂದು ಹೆಚ್ಚಾಗುತ್ತಿದೆ ಅನ್ನಿಸತೊಡಗಿತ್ತು. ಎಣಿಸಿದರು, ಗೋಡೆಯ ಮೇಲೆ ಬರೆದರು, ಕೊನೆಗೆ ಇಳಿದರೆ ನೆಲವೇ ಸಿಗುವುದಿಲ್ಲವೆಂದು ಹನ್ನೊಂದು ದಿನ ಕೋಣೆಯೊಳಗೇ ಕೂತರು. ಬಾಗಿಲು ಒಡೆದು ಕರೆತರಬೇಕಾಯಿತು. ಔಷಧದ ಪ್ರಮಾಣ ಏರಿಸಿದ ಮೇಲೆ ಮೆಟ್ಟಿಲುಗಳು ಹದ್ದುಬಸ್ತಿಗೆ ಬಂದವು, ಆದರೆ ಕೈಗಳು ನಡುಗಲು ಹಿಡಿದವು. ಕೂದಲೆಳೆ ತಪ್ಪದಂತೆ ಗೆರೆ ಎಳೆಯುತ್ತಿದ್ದ ಮನುಷ್ಯ ಅಂಗಿಯ ಗುಂಡಿ ಹಾಕಿಕೊಳ್ಳಲಾರದೆ ಇವಳೆದುರು ನಿಂತು "ಸ್ವಲ್ಪ ಹಾಕ್ತೀರಾ" ಎಂದು ಗೋಡೆ ನೋಡುತ್ತ ಕೇಳಿದ್ದರು. ಡೋಸನ್ನು ಎಳ್ಳಷ್ಟು ಎಳ್ಳಷ್ಟೇ ಇಳಿಸಲು ಮೂರು ವರ್ಷ ಹಿಡಿಯಿತು. ಗುಂಡಿ ತಾವೇ ಹಾಕಿಕೊಂಡ ದಿನ ಅವರು ಅಂಗಿಯ ಮುಂಭಾಗ ನೀವಿಕೊಂಡು ಎದುರು ನಿಂತರು, ಅಷ್ಟೆ. ಇವಳು ಅದನ್ನು ಕಡತದಲ್ಲಿ ಬರೆದಿದ್ದಳು. ಅದು ಕಣ್ಣಾರೆ ಕಂಡದ್ದು.

ಕಣ್ಣಾರೆ ಕಾಣದ್ದನ್ನೂ ಬರೆದಿದ್ದಳು. ಮೂರು ಸೋಮವಾರದ ಹಿಂದೆ ಎರಡನೇ ಮಹಡಿಯ ತಿರುವಿನಲ್ಲಿ ಮಂಡಿ ಮುಷ್ಕರ ಹೂಡಿತು. ಅಲ್ಲೇ ಮೆಟ್ಟಿಲ ಮೇಲೆ ಕೂತು, ಸೀರೆಯ ಮೇಲಿಂದಲೇ ಚಿಪ್ಪು ತಿಕ್ಕಿಕೊಂಡಳು; ಹತ್ತು ನಿಮಿಷವಾಯಿತು, ಕಾಲು ಗಂಟೆಯಾಯಿತು. ಮೇಲೆಲ್ಲೋ ಒಂದು ಬಾಗಿಲು ತೆರೆದ ಸದ್ದಾಗಿ ನಾಚಿಕೆಯಿಂದ ಎದ್ದು ಕೆಳಗಿಳಿದುಬಿಟ್ಟಳು. ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತು ಬರೆದಳು: ಮನೆಗೆ ಭೇಟಿ, ಎಂದಿನಂತೆ. ಮುಂದಿನ ವಾರ ಹತ್ತಿ ತೀರಬೇಕೆಂದೇ ಹೋದಳು, ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು, ಕಟ್ ಅಂದಿತು, ಹಿಂದಿರುಗಿದಳು. ಎಂದಿನಂತೆ. ಮೊನ್ನೆ ಸೋಮವಾರವೂ ಅಷ್ಟೆ. ಮೆಟ್ಟಿಲುಗಳ ಅಂಚಿಗೆ ಸೀಮೆಸುಣ್ಣದಲ್ಲಿ ಒಂದು, ಎರಡು, ಮೂರು ಎಂದು ಬರೆದಿದ್ದನ್ನು ನೋಡಿ ಯಾವುದೋ ಮಕ್ಕಳಾಟ ಅಂದುಕೊಂಡು, ಮೇಲೊಮ್ಮೆ ನೋಡಿ, ಎಂದಿನಂತೆ. ಇದೇ ಇವಳು ಎರಡು ವರ್ಷದ ಹಿಂದೆ, ಫೋನಿನಲ್ಲಿ ಮಾತಾಡಿ ಭೇಟಿ ಎಂದು ಬರೆದ ಕೈಕೆಲಸದ ಹುಡುಗಿಯನ್ನು ಎಲ್ಲರೆದುರು ನಿಲ್ಲಿಸಿ "ಕಣ್ಣು ನೋಡದ್ದನ್ನ ಪೆನ್ನು ಬರೀಬಾರದು ಕಣಮ್ಮ" ಅಂದಿದ್ದಳು. ಹುಡುಗಿ ಅದನ್ನು ಚೀಟಿಯಲ್ಲಿ ಬರೆದು ತನ್ನ ಟೇಬಲ್ಲಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ದಿನಾ ಆ ಟೇಬಲ್ ದಾಟಿಯೇ ಇವಳು ತನ್ನ ಕುರ್ಚಿಗೆ ಹೋಗಬೇಕು.

ಚಿಕ್ಕವಳಿದ್ದಾಗ ಹಾಲು ಉಕ್ಕಿತಾ ನೋಡು ಎಂದು ಅಮ್ಮ ಕೂಗಿದರೆ ಕೂತಲ್ಲಿಂದಲೇ ಇಲ್ಲ ಅನ್ನುತ್ತಿದ್ದಳು. ಒಂದು ಸಲ ಅಪ್ಪ ಒಲೆಯ ಮುಂದೆ ನಿಂತು, ಹಾಲಿನ ಕೊನೆಯ ಹನಿ ಉಕ್ಕಿ ಹೋಗುವವರೆಗೂ ಸುಮ್ಮನಿದ್ದು, "ಉಕ್ಕಿತಾ ಮಗಳೇ?" ಎಂದು ಕೇಳಿದ್ದ. ಇಲ್ಲ ಅಂದಿದ್ದಳು. ಅವತ್ತಿನಿಂದ ಮನೆಯಲ್ಲಿ ಅವಳ ಹೆಸರು ಕೂತಲ್ಲೇ-ನೋಡೋಳು. ಅಣ್ಣಂದಿರು ಮೊನ್ನೆ ಮೊನ್ನೆಯವರೆಗೂ ಹಾಗೇ ಕರೆದರು. ನರ್ಸಾದದ್ದೇ ಆ ಹೆಸರನ್ನು ಅಳಿಸಲಿಕ್ಕೇನೋ ಎಂದು ಬಸ್ಸಿನಲ್ಲಿ ಹೊಳೆದು ಅವಳಿಗೇ ನಗು ಬಂತು. ಕಂಡಕ್ಟರ್ ಚಿಲ್ಲರೆ ಕೈಗಿಟ್ಟು ವಿಚಿತ್ರವಾಗಿ ನೋಡಿದ. ಅಪ್ಪನಿಗೆ ಹಾಲು ಹೋದದ್ದಕ್ಕೆ ಸಿಟ್ಟಿರಲಿಲ್ಲ. ಮಗಳು ಎಲ್ಲಿಯವರೆಗೆ ಕೂತೇ ಇರುತ್ತಾಳೆ ಎಂದು ನೋಡುವ ಆಸೆ ಇತ್ತು, ಅಷ್ಟೆ.

ಮೀಟಿಂಗಿನಲ್ಲಿ ಎಂದಿನ ಜಾಗ ಬಿಟ್ಟು ಬಾಗಿಲ ಬಳಿಯ ಕೈಯಿರುವ ಕುರ್ಚಿಯಲ್ಲಿ ಕೂತಳು. ಕೈಯಿದ್ದರೆ ಊರಿಕೊಂಡು ಏಳಬಹುದು, ಸದ್ದಾಗುವುದಿಲ್ಲ. ಆದರೆ ಕಡತ ಸುತ್ತುವ ದಾರಿಯಲ್ಲಿ ಆ ಕುರ್ಚಿ ಕೊನೆಯದು ಎನ್ನುವುದು ತಲೆಗೆ ಹೋಗಿರಲಿಲ್ಲ. ಪ್ರತಿ ಬುಧವಾರ ಮೊದಲು ಓದುವವಳು ಇವಳು. ಇವಳು ಎಂದಿನಂತೆ ಅಂದರೆ ಉಳಿದವರೂ ಉಸಿರುಬಿಟ್ಟು ಅದರ ಮೇಲೆ ತಮ್ಮದನ್ನು ಪೇರಿಸುತ್ತಿದ್ದರು. ಇಂದು ಸಮಾಜಕಾರ್ಯಕರ್ತನ ಕೈಗೆ ಮೊದಲು ಹೋಯಿತು. ದೊಡ್ಡ ಆಳು, ಯಾವ ಕೋಣೆಗೆ ಹೋದರೂ ಅಲ್ಲಿಯ ಕುರ್ಚಿ ಚಿಕ್ಕದಾಗಿ ಕಾಣುತ್ತದೆ. ಗಂಟಲು ಸರಿಮಾಡಿಕೊಂಡ.

"ಓನರ್ ಎರಡು ಸಲ ಫೋನ್ ಮಾಡಿದ್ರು. ಈ ಮಹಾಶಯರು ಎರಡು ಸೋಮವಾರದಿಂದ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೂ ಎರಡನೇ ಮಹಡಿ ತಿರುವಲ್ಲಿ ಕೂತಿರ್ತಾರಂತೆ. ಮೆಟ್ಟಿಲಿಗೆಲ್ಲ ಸೀಮೆಸುಣ್ಣದಲ್ಲಿ ನಂಬರ್ ಹಾಕಿದ್ದಾರೆ, ಒಂದರಿಂದ ಎಪ್ಪತ್ತೆರಡು. ನಾನು ಫೋನಲ್ಲಿ ಕೇಳಿದೆ, ಏನ್ಸಾರ್ ಇದು ಅಂತ. 'ಮೂವತ್ತಾರನೇ ಮೆಟ್ಟಿಲಲ್ಲಿ ಒಬ್ಬರಿಗೆ ಕೂರೋ ಜಾಗ ಬೇಕು' ಅಂದ್ರು. ಯಾರಿಗೆ ಅಂದ್ರೆ ಉತ್ತರ ಇಲ್ಲ." ಅವನು ಕಡತ ಮುಂದಕ್ಕೆ ದೂಡಿದ. "ಸಿಸ್ಟರ್ ವಾರವಾರ ಹೋಗ್ತಿದ್ದಾರಲ್ಲ ಅಂತ ನಾನು ಖುದ್ದು ಹೋಗಲಿಲ್ಲ."

ಮೆಟ್ಟಿಲು, ಎಣಿಕೆ, ಮತ್ತೆ ಅದೇ. ತಾನು ಬೆಂಚಿನ ಮೇಲೆ ಕೂತು ಎಂದಿನಂತೆ ಎಂದು ಬರೆಯುತ್ತಿದ್ದಾಗ ಅವರು ಒಳಗೊಳಗೇ ಜಾರುತ್ತಿದ್ದರೇ? ಕಿತ್ತಳೆಯ ತೊಳೆ ಬಾಯಲ್ಲಿತ್ತು, ಬಿಸಿತುಪ್ಪದ ಹಾಗೆ, ನುಂಗಲೂ ಆಗದು ಉಗುಳಲೂ ಆಗದು.

ಕೈಕೆಲಸದ ಹುಡುಗಿ ಓದಿದಳು: "ಹೋದ ವಾರ ಮಂಗಳವಾರ ಕ್ಲಾಸಿಗೆ ಬಂದ್ರು. ಫೋಟೋ ಫ್ರೇಮ್ ಮಾಡೋದು ಬಿಟ್ಟು ಸ್ಟೂಲ್ ಮಾಡ್ತೀನಿ ಅಂತ ಹಟ. ಮಾಡಿದ್ರು, ಚೆನ್ನಾಗೇ ಮಾಡಿದ್ರು, ಕೈ ಒಂದಿಷ್ಟೂ ನಡುಗಲಿಲ್ಲ. ಆದ್ರೆ ಅವತ್ತು ಕ್ಲಾಸಲ್ಲಿದ್ದ ಹೆಂಗಸರದ್ದೆಲ್ಲ ಕಾಲು ಅಳೆದ್ರು. ನೆಲದಿಂದ ಮಂಡಿವರೆಗೆ. ನನ್ನದೂ ಅಳೆದ್ರು. ಒಬ್ರು ಹೆದರಿಕೊಂಡು ಎದ್ದು ಹೋದ್ರು." ಕಾಗದದಲ್ಲಿಲ್ಲದ್ದನ್ನೂ ಸೇರಿಸಿದಳು. "ಯಾರಿಗೆ ಸರ್ ಸ್ಟೂಲು ಅಂತ ಕೇಳಿದೆ. 'ಬರೋರಿಗೆ' ಅಂದ್ರು."

"ನನ್ನ ಹತ್ರ ಬಂದಾಗ ತಮ್ಮ ವಿಷಯ ಒಂದೂ ಹೇಳಲಿಲ್ಲ," ಎಂದು ಡಾಕ್ಟರು ತಮ್ಮ ಹಾಳೆಗೆ ಬಂದರು. "ಮಂಡಿಚಿಪ್ಪು ಹೇಗೆ ಸವೆಯುತ್ತೆ, ಸವೆದ್ರೆ ಸದ್ದು ಬರುತ್ತಾ, ಒಂದು ಆಯುಷ್ಯಕ್ಕೆ ಇಷ್ಟೇ ಮೆಟ್ಟಿಲು ಅಂತ ಇರುತ್ತಾ, ಇದೇ ಪ್ರಶ್ನೆಗಳು. ಅವರ ಮಂಡಿ ನೋಡಿದೆ, ಕಲ್ಲುಗುಂಡಿನ ಹಾಗಿದೆ." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೆಟ್ಟಿಲ ಎಣಿಕೆ ಮತ್ತೆ ಶುರು. ಜೊತೆಗೆ ದೇಹದ ಬಗ್ಗೆ ಹೊಸ ಗೀಳು. ಬೇರೆಯವರ ಮೈಕೈ ಅಳೆಯೋದು. ಡೋಸ್ ಏರಿಸದೆ ದಾರಿ ಇಲ್ಲ ಅನ್ನಿಸ್ತಿದೆ, ಇವತ್ತೇ."

"ಮತ್ತೆ ಕೈ ಸಾರ್?" ಅಂದಳು ಹುಡುಗಿ.

"ಕೈ ನಡುಗುತ್ತೆ. ಗೊತ್ತು. ಮೂರು ವರ್ಷ ಇಳಿಸಿದ್ದು ಒಂದೇ ವಾರಕ್ಕೆ ಹೋಗುತ್ತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆದ್ರೆ ಮತ್ತೆ ಬಾಗಿಲು ಒಡೆಯೋ ಹಾಗಾದ್ರೆ?" ಡಾಕ್ಟರು ಕಡತವನ್ನು ಇವಳತ್ತ ತಿರುಗಿಸಿದರು. "ಸಿಸ್ಟರ್ ಓದಲಿ. ಮನೆ ಒಳಗೆ ಹೋಗಿ ನೋಡೋರು ಅವರೊಬ್ಬರೇ. ಅವರ ಕಣ್ಣಿಗೆ ಏನು ಕಂಡಿದೆಯೋ ಅದರ ಮೇಲೆ ತೀರ್ಮಾನ ಮಾಡೋಣ."

ಮೂರು ಸಾಲು, ಮೂರೂ ಅವಳದೇ ದುಂಡಗಿನ ಅಕ್ಷರ. ಸೋಮವಾರ, ಮನೆಗೆ ಭೇಟಿ, ನಿದ್ದೆ ಊಟ ಮಾತ್ರೆ ಎಂದಿನಂತೆ. ಓದಿದಳು. ನಾಲಿಗೆ ತಡೆಯಲ್ಲ ಎಂಬ ಡಾಕ್ಟರ ಮಾತು ಸುಳ್ಳಾಯಿತು, ನಾಲಿಗೆ ಚೆನ್ನಾಗಿಯೇ ಓದಿತು. ಓದಿ ಮುಗಿಸುವ ಹೊತ್ತಿಗೆ ಅವಳಿಗೆ ಭಯಕ್ಕಿಂತ ಬೇರೆಯದೇ ಒಂದು ಶುರುವಾಗಿತ್ತು, ಒಂದು ಬಗೆಯ ತುರಿಕೆ. ಮಂಡಿ. ಸದ್ದು ಬರುವ ಮಂಡಿ. ಕಲ್ಲುಗುಂಡಿನಂಥ ಮಂಡಿಯಿರುವ ಮನುಷ್ಯನಿಗೆ ಸವೆದ ಮಂಡಿಯ ಚಿಂತೆ ಎಲ್ಲಿಂದ ಬಂತು? ಹೆಂಗಸರ ಕಾಲೇ ಏಕೆ? ಸೋಮವಾರವೇ ಏಕೆ? ಹತ್ತು ಗಂಟೆಗೇ ಏಕೆ? ಮೂವರು ಮೂರು ತುಂಡು ತಂದು ಮೇಜಿನ ಮೇಲಿಟ್ಟಿದ್ದರು, ಜೋಡಿಸಿದರೆ ಹಳೆಯ ಕಾಯಿಲೆಯೇ ಆಗುತ್ತಿತ್ತು, ಅವರದೇನೂ ತಪ್ಪಿರಲಿಲ್ಲ. ನಾಲ್ಕನೆಯ ತುಂಡು ಇವಳ ಹತ್ತಿರವಿತ್ತು. ಇವಳು ಅದರ ಜಾಗದಲ್ಲಿ ಖೋಟಾ ತುಂಡೊಂದನ್ನು ಇಟ್ಟಿದ್ದಳು.

"ಮೂವತ್ತಾರನೇ ಮೆಟ್ಟಿಲು ಅಂದ್ರೆ ಎರಡನೇ ಮಹಡಿ ತಿರುವೇ ತಾನೆ?" ಎಂದು ಕೇಳಿದಳು.

"ಹೌದು. ಎಪ್ಪತ್ತೆರಡರಲ್ಲಿ ಅರ್ಧ," ಎಂದ ಸಮಾಜಕಾರ್ಯಕರ್ತ.

"ಬೇರೆ ದಿನ ಅಲ್ಲಿ ಕೂರಲ್ವಾ?"

"ಸೋಮವಾರ ಅಂತಲೇ ಅಂದ್ರು ಓನರ್. ಮೊನ್ನೆ ಪಕ್ಕದಲ್ಲಿ ಸ್ಟೂಲ್ ಬೇರೆ ಇಟ್ಕೊಂಡು, ತಾವು ನೆಲದ ಮೇಲೆ ಕೂತಿದ್ರಂತೆ."

"ಸೋಮವಾರ ಹತ್ತು ಗಂಟೆ ನಾನು ಹೋಗೋ ಹೊತ್ತು."

"ಹಾಗಾದ್ರೆ ನಿಮಗೆ ದಾರಿಯಲ್ಲೇ ಸಿಗಬೇಕಿತ್ತಲ್ಲ ಸಿಸ್ಟರ್?" ಡಾಕ್ಟರ ದನಿಯಲ್ಲಿ ಆರೋಪವಿರಲಿಲ್ಲ, ಲೆಕ್ಕ ತಾಳೆಯಾಗದ ಮನುಷ್ಯನ ಗೊಂದಲ ಮಾತ್ರ ಇತ್ತು. ಅದೇ ಅವಳನ್ನು ಹೆಚ್ಚು ಚುಚ್ಚಿತು. ಇಷ್ಟು ಹೊತ್ತೂ ಬಾಗಿಲು ಹಾಕಿಕೊಂಡಿದ್ದ ಬಾಯನ್ನು ತೆರೆಸಿದ್ದು ಪಾಪಭೀತಿ ಎಂದು ಹೇಳಿದರೆ ಅವಳನ್ನು ಹೊಗಳಿದ ಹಾಗಾಗುತ್ತದೆ. ನಿಜ ಹೇಳಬೇಕೆಂದರೆ ಅವಳಿಗೆ ಗೊತ್ತಾಗಬೇಕಿತ್ತು. ಆ ಮನುಷ್ಯ ಅಲ್ಲಿ ಏನು ಮಾಡುತ್ತಿದ್ದ ಎಂದು ತಿಳಿಯದೆ ಇನ್ನು ಒಂದು ನಿಮಿಷವೂ ಆ ಕುರ್ಚಿಯಲ್ಲಿ ಕೂರಲು ಅವಳಿಂದ ಆಗುತ್ತಿರಲಿಲ್ಲ.

"ಸಿಗಲಿಲ್ಲ," ಅಂದಳು. "ನಾನು ಪೂರ್ತಿ ಹತ್ತಲೇ ಇಲ್ಲ. ಮೂರು ವಾರದಿಂದ ಅವರ ಮುಖ ನೋಡಿಲ್ಲ. ಮೊದಲನೇ ವಾರ ಆ ತಿರುವಿನವರೆಗೂ ಹೋಗಿ ಅಲ್ಲೇ ಕೂತೆ, ಮಂಡಿ ಕೈಕೊಟ್ಟಿತು. ಆಮೇಲೆ ಎರಡು ವಾರ ಕೆಳಗಿಂದಲೇ ವಾಪಸ್. ಇದರಲ್ಲಿ ಬರೆದಿರೋದೆಲ್ಲ ಬಸ್‌ಸ್ಟಾಪಲ್ಲಿ ಕೂತು ಬರೆದದ್ದು."

ಸಮಾಜಕಾರ್ಯಕರ್ತ ತನ್ನ ದೊಡ್ಡ ಕೈಗಳನ್ನು ಮೇಜಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹುಡುಗಿ ಇವಳನ್ನು ನೋಡಲಿಲ್ಲ, ಕಿತ್ತಳೆಯ ಸಿಪ್ಪೆ ನೋಡುತ್ತಿದ್ದಳು. ಗಾಜಿನ ಕೆಳಗಿನ ಚೀಟಿ ನೆನಪಾಗಿರಬೇಕು. ಅವಳು ಒಂದು ಮಾತು ಅಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಡಾಕ್ಟರು ಪೆನ್ನು ತೆಗೆದು ಇವಳ ಮುಂದಿಟ್ಟರು.

"ಹೇಳಿದ್ದನ್ನೇ ಬರೀರಿ. ಅದರ ಕೆಳಗೇ. ತಾರೀಖು ಹಾಕಿ."

ಬರೆದಳು. ಅಕ್ಷರ ದುಂಡಗೆ ಬರಲಿಲ್ಲ.

"ಮೇಲಿನವರಿಗೆ ತಿಳಿಸಲೇಬೇಕಾಗುತ್ತೆ. ಆ ಮಾತು ನಾಳೆ," ಅಂದರು ಡಾಕ್ಟರು. "ಈಗ ನೀವು ಹೇಳ್ತಿರೋದು ಏನು? ಅವರು ನಿಮಗೋಸ್ಕರ ಸ್ಟೂಲ್ ಮಾಡಿದ್ದಾರೆ ಅಂತಾನಾ?"

"ಗೊತ್ತಿಲ್ಲ ಸಾರ್. ಇದೂ ಕೂತಲ್ಲೇ ನೋಡಿದ್ದು."

ಡಾಕ್ಟರಿಗೆ ಆ ಮಾತು ಅರ್ಥವಾಗಲಿಲ್ಲ. ಆದರೆ ಎದ್ದರು. ಉಳಿದವರೂ ಎದ್ದರು. ಇವಳು ಕಡತ ಚೀಲಕ್ಕೆ ಹಾಕಿಕೊಂಡು ಎದ್ದಾಗ ಕಟ್ ಎಂದದ್ದು ಕೋಣೆಗೆಲ್ಲ ಕೇಳಿಸಿತು.

ಒಬ್ಬೊಬ್ಬರೇ ಬೇರೆಬೇರೆ ವಾರ, ಬೇರೆಬೇರೆ ಕೆಲಸಕ್ಕೆ ಹೋಗುತ್ತಿದ್ದ ಆ ಕಟ್ಟಡಕ್ಕೆ ನಾಲ್ವರೂ ಒಟ್ಟಿಗೆ ಹೋದದ್ದು ಅದೇ ಮೊದಲು. ಮೆಟ್ಟಿಲ ಬುಡದಲ್ಲಿ ನಿಂತು ನೋಡಿದರೆ ಒಬ್ಬೊಬ್ಬರ ಕಣ್ಣು ಒಂದೊಂದು ಕಡೆಗೆ ಹೋಗುತ್ತಿತ್ತು. ಸಮಾಜಕಾರ್ಯಕರ್ತ ಓನರಿನ ಬಾಗಿಲು ನೋಡಿದ, ಹುಡುಗಿ ಕಟಕಟೆಯ ಮರ ಮುಟ್ಟಿ ನೋಡಿದಳು, ಡಾಕ್ಟರು ಬಗ್ಗಿ ಸೀಮೆಸುಣ್ಣದ ಅಂಕಿಗಳನ್ನು ಓದುತ್ತ ಹತ್ತಿದರು. ಅಂಕಿಗಳು ನೆಟ್ಟಗಿದ್ದವು, ಒಂದೇ ಗಾತ್ರ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಇವಳು ಹಿಂದೆ ಉಳಿದಳು. ಹನ್ನೆರಡಕ್ಕೆ ಒಮ್ಮೆ ನಿಂತಳು, ಇಪ್ಪತ್ತಕ್ಕೆ ಒಮ್ಮೆ. ಇನ್ನು ಮುಚ್ಚಿಡುವುದೇನೂ ಇಲ್ಲವಾದ್ದರಿಂದ ಕಟಕಟೆ ಹಿಡಿದು, ಉಸ್ಸೆಂದು, ಧಾರಾಳವಾಗಿ ಕುಂಟಿದಳು. ಹುಡುಗಿ ಮೇಲಿನಿಂದ ಇಳಿದು ಬಂದು ಇವಳ ಚೀಲ ತೆಗೆದುಕೊಂಡಳು.

ಮೂವತ್ತಾರನೇ ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಒತ್ತಿ ಸ್ಟೂಲು ಇತ್ತು. ಯಾರೂ ಒಯ್ಯದಿರಲೆಂದು ಒಂದು ಕಾಲನ್ನು ದಾರದಿಂದ ಕಟಕಟೆಗೆ ಕಟ್ಟಿತ್ತು. ಮೂಲೆಗಳನ್ನು ಉಜ್ಜಿ ಉಜ್ಜಿ ದುಂಡಗೆ ಮಾಡಿದ್ದರು. ಮೇಲಿನಿಂದ ಬಾಗಿಲು ತೆರೆದ ಸದ್ದಾಯಿತು, ಮೂರು ವಾರದ ಹಿಂದೆ ಕೇಳಿದ ಅದೇ ಸದ್ದು. ಅಳತೆಯವರು ನಿಧಾನವಾಗಿ ಇಳಿದು ಬಂದರು, ತೊಳೆದ ಅಂಗಿ, ಕುತ್ತಿಗೆಯವರೆಗೂ ಗುಂಡಿ ಹಾಕಿದ್ದು. ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿದರು.

"ನಾಲ್ಕು ಜನ ಬಂದ್ಬಿಟ್ಟಿದ್ದೀರಿ," ಅಂದರು. "ನಾನು ಒಂದೇ ಮಾಡಿದ್ದು."

"ಯಾರಿಗೆ ಮಾಡಿದ್ದು?" ಎಂದು ಡಾಕ್ಟರು ಕೇಳಿದರು.

ಅಳತೆಯವರು ಇವಳ ಮುಖ ನೋಡಿದರು, ಹೇಳಲೋ ಬೇಡವೋ ಎಂದು ಕೇಳುವ ಹಾಗೆ. ಆಗ ಅವಳಿಗೆ ತಿಳಿಯಿತು. ಸಮಾಜಕಾರ್ಯಕರ್ತ ಕೇಳಿದಾಗ, ಹುಡುಗಿ ಕೇಳಿದಾಗ, ಡಾಕ್ಟರ ಕೋಣೆಯಲ್ಲಿ, ಪ್ರತಿಸಲವೂ ಈ ಮನುಷ್ಯ ಒಂದು ಹೆಸರನ್ನು ನುಂಗಿಕೊಂಡಿದ್ದ. ಹೇಳಿದ್ದರೆ ಇವಳ ಬಂಡವಾಳ ಬಯಲಾಗುತ್ತಿತ್ತು. ಹೇಳದೆ ಹೋದದ್ದಕ್ಕೆ ಅವರ ಕೈ ಹೋಗುವುದರಲ್ಲಿತ್ತು. ಅವಳಿಗೆ ಆದ ನಾಚಿಕೆ ಎಂಥದೆಂದರೆ, ಮೀಟಿಂಗಿನಲ್ಲಿ ಆದದ್ದು ಅದರ ಮುಂದೆ ಏನೂ ಅಲ್ಲ.

"ಹೇಳಿದ್ದೀನಿ," ಅಂದಳು. "ಇವರಿಗೆಲ್ಲ ಹೇಳಿಯಾಯ್ತು."

"ಓ," ಎಂದರು, ಭುಜ ಸ್ವಲ್ಪ ಇಳಿಯಿತು. "ಮೊದಲನೇ ವಾರ ನೀವು ಇಲ್ಲಿ ಕೂತು ಮಂಡಿ ತಿಕ್ಕೋದನ್ನ ಮೇಲಿಂದ ಬಗ್ಗಿ ನೋಡಿದ್ದೆ. ಮುಂದಿನ ಎರಡು ಸೋಮವಾರ ಕೆಳಗಿಂದ ನಿಮ್ಮ ಮಂಡಿ ಸದ್ದು ಕೇಳಿಸ್ತು. ಆಮೇಲೆ ವಾಪಸ್ ಹೋಗೋದು ಕೇಳಿಸ್ತು. ಇಳಿದು ಬಂದ್ರೆ ನಿಮಗೆ ಮುಜುಗರ ಆಗುತ್ತೆ ಅಂತ ಇಲ್ಲೇ ಇದ್ದೆ. ಕೂತ್ಕೊಳ್ಳಿ."

ಕೂತಳು. ಮಂಡಿ ಬಗ್ಗಿ, ಹಿಮ್ಮಡಿ ನೆಲದಿಂದ ತುಸು ಮೇಲೆದ್ದಿತು. ಅಳತೆಯವರ ಹುಬ್ಬು ಗಂಟಿಕ್ಕಿತು. ಜೇಬಿನಿಂದ ಟೇಪು ತೆಗೆದು ಅವಳ ಕಾಲ ಬಳಿ ನೆಲದ ಮೇಲೆ ಕೂತರು.

"ಒಂದು ಅಂಗುಲ ಎತ್ತರ ಆಯ್ತು. ಎಲ್ಲರದ್ದೂ ಅಳೆದು ಅಂದಾಜಿನ ಮೇಲೆ ಮಾಡಿದ್ದು." ತಲೆ ಎತ್ತದೆ ಹೇಳಿದರು. "ನೀವು ಮೇಲೆ ಬಂದಿದ್ರೆ ಸರಿಯಾಗಿ ಅಳತೆ ತಗೋತಿದ್ದೆ."

ಟೇಪಿನ ಒಂದು ತುದಿ ಹಿಮ್ಮಡಿಗೆ, ಇನ್ನೊಂದು ಮಂಡಿಯ ಹಿಂಬದಿಗೆ. ಡಾಕ್ಟರು ಆ ಕೈಯನ್ನೇ ನೋಡುತ್ತಿದ್ದರು. ಟೇಪು ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿತ್ತು. "ಹದಿನಾರೂಕಾಲು," ಎಂದು ಅಳತೆಯವರು ಓದಿದರು. "ಯಾರಾದ್ರೂ ಬರ್ಕೊಳ್ಳಿ." ಮೂವರ ಕೈಯೂ ಜೇಬಿಗೆ ಹೋಯಿತು. ಇವಳು ಹುಡುಗಿಯ ಕೈಯಿಂದ ತನ್ನ ಚೀಲ ತೆಗೆದುಕೊಂಡು, ಕಡತ ತೊಡೆಯ ಮೇಲೆ ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದಳು. ಆಮೇಲೆ ಬರೆಯುವುದನ್ನು ನಿಲ್ಲಿಸಿ, ನೋಯುವ ಕಾಲನ್ನು ಅಲುಗಿಸದೆ ಸೊಂಟದಿಂದ ಪೂರ್ತಿ ಬಗ್ಗಿ, ಟೇಪಿನ ಮೇಲಿನ ಅಂಕಿಯನ್ನು ತಾನೇ ನೋಡಿದಳು. ಹದಿನಾರೂಕಾಲೇ ಇತ್ತು.